ಹಳೇ ಹೊಲಿಗೆಯ ಮೇಲೆ ಮಾಸು ಕೂತರೆ

ಪ್ರಶ್ನೆ: ನನಗೆ 33 ವರ್ಷ. ಎರಡು ಸಿಸೇರಿಯನ್ ಆಗಿವೆ. ಈಗ ಐದು ತಿಂಗಳು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಆಂಟೀರಿಯರ್ ಪ್ಲಾಸೆಂಟಾ, ಲೋ ಲೈಯಿಂಗ್' (ಮಾಸು ಮುಂಗೋಡೆಯಲ್ಲಿ, ಕೆಳಗಿದೆ) ಎಂದಿದೆ. 'ಮಾಸು ಕೆಳಗಿದೆ, ರೆಸ್ಟ್ ಮಾಡಿ' ಎಂದಷ್ಟೇ ಹೇಳಿ ಕಳಿಸಿದರು. ಮಾಸು ಅಂಟಿಕೊಂಡರೆ ಗರ್ಭಕೋಶವನ್ನೇ ತೆಗೆಯುತ್ತಾರಂತೆ, ನಿಜವೇ?
– ಓದುಗರು, ಸಕಲೇಶಪುರ

ಉತ್ತರ: ಅಂಟಿಕೊಂಡಿದ್ದರೆ ಬಹುಪಾಲು ನಿಜ. ಆದರೆ ನಿಮಗೆ ಅಂಟಿದೆಯೋ ಇಲ್ಲವೋ ಇನ್ನೂ ಯಾರೂ ನೋಡಿಲ್ಲ. ಮೊದಲು ಆಗಬೇಕಾದ್ದು ಅದು. ರೆಸ್ಟಿನಿಂದ ಮಾಸು ಮೇಲೇರುವುದಿಲ್ಲ.

ಗರ್ಭಕೋಶದ ಒಳಪದರ ಇದ್ದರೆ ಹೆರಿಗೆಯಾದ ಮೇಲೆ ಮಾಸು ಸಲೀಸಾಗಿ ಕಳಚಿಕೊಳ್ಳುತ್ತದೆ. ಸಿಸೇರಿಯನ್ ಗಾಯ ಮಾಗಿದ ಜಾಗದಲ್ಲಿ ಆ ಪದರ ಸರಿಯಾಗಿರುವುದಿಲ್ಲ. ಅಲ್ಲಿ ಕೂತ ಮಾಸು ಸ್ನಾಯುವಿಗೆ ಬೇರು ಬಿಡಬಹುದು, ಕೆಲವೊಮ್ಮೆ ಮೂತ್ರಕೋಶದವರೆಗೂ. ಇದಕ್ಕೆ 'ಅಕ್ರೀಟಾ' ಎನ್ನುತ್ತಾರೆ. ಮಾಸು ಗರ್ಭಕೋಶದ ಬಾಯಿ ಮುಚ್ಚಿದ್ದು, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಈ ಸಂಭವ ಶೇ 11ರಷ್ಟು. ಎರಡಾಗಿದ್ದರೆ ಶೇ 40ರಷ್ಟು. ನಿಮ್ಮದು ಬಾಯಿ ಮುಚ್ಚಿದೆಯೋ, ಬರೀ ಹತ್ತಿರವಿದೆಯೋ? 'ಬಾಯಿಯಿಂದ ಎಷ್ಟು ಮಿಲಿಮೀಟರ್?' ಎಂದು ಕೇಳಿ. 20 ಮಿ.ಮೀ.ಗಿಂತ ಕಡಿಮೆಯಿದ್ದರೆ ಕೆಳಗಿದೆ ಎಂದು ಲೆಕ್ಕ. ಗರ್ಭಕೋಶದ ಕೆಳಭಾಗ ಬೆಳೆದಂತೆ ಅನೇಕರಲ್ಲಿ ಈ ಅಂತರ ಹೆಚ್ಚುತ್ತದೆ. ಸಿಸೇರಿಯನ್ ಆದವರಲ್ಲಿ ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ಗರ್ಭದಲ್ಲಿರುವ ಮಗುವಿನ ತಜ್ಞರ (ಫೀಟಲ್ ಮೆಡಿಸಿನ್) ಬಳಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಸಮೇತ ಸ್ಕ್ಯಾನ್ ಮಾಡಿಸಿ, ಎರಡು ಸಿಸೇರಿಯನ್ ಆಗಿವೆಯೆಂದು ಮೊದಲೇ ಹೇಳಿ. ಮೂತ್ರ ಪೂರ್ತಿ ಖಾಲಿ ಮಾಡಿ ಹೋಗಬೇಡಿ. ಅರ್ಧ ತುಂಬಿದ್ದರೇ ಮೂತ್ರಕೋಶದ ಗೋಡೆ ಸ್ಪಷ್ಟ ಕಾಣುವುದು. ಮಾಸಿನ ಹಿಂದಿನ ತೆಳು ಕಪ್ಪು ಗೆರೆ ಅಳಿಸಿದೆಯೇ, ಸ್ನಾಯು 1 ಮಿ.ಮೀ.ಗಿಂತ ತೆಳುವಾಗಿದೆಯೇ, ಮೂತ್ರಕೋಶದ ಬಿಳಿ ಗೆರೆ ತುಂಡಾಗಿದೆಯೇ ಎಂದು ಅವರು ನೋಡುತ್ತಾರೆ. ಮಾಸಿನೊಳಗೆ ಕಾವಲಿಯ ಮೇಲಿನ ದೋಸೆಯಂತೆ ಅಂಕುಡೊಂಕು ತೂತುಗಳಿದ್ದರೆ ಅನುಮಾನ ಬಲವಾಗುತ್ತದೆ. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಗೆ ಹೆದರಬೇಡಿ, ಅದು ಸುರಕ್ಷಿತ. ಸ್ಕ್ಯಾನ್ ಸರಿಯಿದೆ ಎಂದರೂ ಸಂಭವ ಪೂರ್ತಿ ಹೋಗದು. 28ರಿಂದ 32 ವಾರದೊಳಗೆ ಮತ್ತೆ ನೋಡಿಸಿ. ಎಂಆರ್‌ಐ ಎಲ್ಲರಿಗೂ ಬೇಡ.

ಅಕ್ರೀಟಾ ಖಚಿತವಾದರೆ ನೋವು ಬರುವವರೆಗೆ ಕಾಯುವುದಿಲ್ಲ. ಸಾಮಾನ್ಯವಾಗಿ 34–36 ವಾರದಲ್ಲಿ ಸಿಸೇರಿಯನ್ ಮಾಡಿ, ಮಾಸನ್ನು ಕೀಳದೆ ಗರ್ಭಕೋಶದ ಸಮೇತ ತೆಗೆಯುತ್ತಾರೆ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ 500–700 ಮಿ.ಲೀ. ರಕ್ತ ಹರಿಯುತ್ತದೆ, ಅಂಟಿದ ಮಾಸನ್ನು ಎಳೆದರೆ ಏನಾಗುತ್ತದೆಂದು ನೀವೇ ಊಹಿಸಿ. ಆದ್ದರಿಂದ ರಕ್ತನಿಧಿ, ಮೂತ್ರಕೋಶದ ಸರ್ಜನ್, ಶಿಶು ಐಸಿಯು ಮೂರೂ ಇರುವ ಕಡೆಯೇ ಹೆರಿಗೆಯಾಗಬೇಕು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೋ ಬೆಂಗಳೂರಲ್ಲೋ ಎಂಬುದನ್ನು 30 ವಾರದೊಳಗೆ ತೀರ್ಮಾನಿಸಿ. ಮಂಗಳೂರು ಎಂದುಕೊಂಡಿದ್ದರೆ ಮಳೆಗಾಲದ ಶಿರಾಡಿ ಘಾಟಿಯನ್ನು ನೆಚ್ಚಬೇಡಿ. ಚುಕ್ಕೆಯಷ್ಟು ರಕ್ತ ಕಂಡರೂ, ನೋವಿಲ್ಲದಿದ್ದರೂ, 108ಕ್ಕೆ ಕರೆ ಮಾಡಿ. ತಾಯಿ ಕಾರ್ಡು, ರಿಪೋರ್ಟು ಒಂದೇ ಚೀಲದಲ್ಲಿರಲಿ.

ಪ್ರಶ್ನೆ: ಗರ್ಭಪಾತವಾಗಿ ಒಮ್ಮೆ ಡಿ ಅಂಡ್ ಸಿ (ಗರ್ಭಕೋಶದ ಒಳಗೆ ಕೆರೆದು ಶುಚಿ ಮಾಡುವುದು) ಮಾಡಿಸಿದ್ದೆ. ನನಗೂ ಈ ಅಪಾಯವಿದೆಯೇ?
– ಓದುಗರು, ಮೂಡಿಗೆರೆ

ಉತ್ತರ: ತೀರಾ ಕಡಿಮೆ. ಗರ್ಭಕೋಶದ ಗಡ್ಡೆ ತೆಗೆಸಿದ್ದು, ಹಿಂದಿನ ಹೆರಿಗೆಯಲ್ಲಿ ಕೈ ಹಾಕಿ ಮಾಸು ತೆಗೆದದ್ದು, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಇವುಗಳ ಜೊತೆ ಸೇರಿದರೆ ಸ್ವಲ್ಪ ಹೆಚ್ಚಬಹುದು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಮೇಲಿದ್ದರೆ ನಿಶ್ಚಿಂತೆಯಿಂದಿರಿ. ಡಿ ಅಂಡ್ ಸಿ ವಿಷಯವನ್ನು ಮಾತ್ರ ಡಾಕ್ಟರಿಂದ ಮುಚ್ಚಿಡಬೇಡಿ.