ಮೂರು ವಾರದ ಬೀಟ್, ಎರಡು ಗಂಟೆಯ ಬೀಟ್: ಬಂಗಾರಪೇಟೆಯ ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂರು ವಾರ ನಿದ್ದೆಗೆಟ್ಟು 62 ಟ್ರ್ಯಾಕ್‌ಗಳ ಬೀಟ್ (ಒಂದರ ಮೇಲೊಂದು ಧ್ವನಿಯ ಪದರ ಪೇರಿಸಿ ಮಾಡುವ, ಹಾಡಿನ ಹಿಂದಿನ ತಾಳ-ವಾದ್ಯದ ಭಾಗ) ಕಟ್ಟಿದೆ, ಗೆಳೆಯ ಎರಡೇ ಗಂಟೆಯಲ್ಲಿ ಐದು ಟ್ರ್ಯಾಕ್‌ಗಳಲ್ಲಿ ಮುಗಿಸಿದ, ರ‍್ಯಾಪ್ ಹಾಡುವ ಹುಡುಗ ಅವನದನ್ನೇ ಆರಿಸಿಕೊಂಡ, ಹಾಗಾದರೆ ದುಡಿಮೆಗೆ ಬೆಲೆಯೇ ಇಲ್ಲವೇ ಎಂದು ಕೇಳಿದ್ದೀಯ. ಗುಂಪಿನಲ್ಲಿ ಕೆಲವರು ‘ಬಿಡು, ಅವನಿಗೆ ಸಂಗೀತ ಗೊತ್ತಿಲ್ಲ’ ಎಂದು ಸಮಾಧಾನ ಹೇಳಿದ್ದಾರೆ. ನಾನು ಹಾಗೆ ಹೇಳಲಾರೆ. ಎರಡನ್ನೂ ಹೆಡ್‌ಫೋನಿನಲ್ಲಿ, ಮೊಬೈಲಿನಲ್ಲಿ, ಆಮೇಲೆ ನಮ್ಮ ಟೆಂಪೋದ ಸ್ಪೀಕರಿನಲ್ಲಿ ಕೇಳಿದೆ. ಆ ಹುಡುಗ ಆರಿಸಿದ್ದು ಸರಿಯಾಗಿಯೇ ಇದೆ. ಅಣ್ಣ ಎಂದು ಕರೆದಿದ್ದೀಯ, ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಹುಳುವಿನ ಮನೆಯಲ್ಲಿ ಬೆಳೆದವನು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಒಂದು ಬೆಳೆಯಲ್ಲಿ ಅಪ್ಪ, ಅಮ್ಮ ವಾರವಿಡೀ ಕಣ್ಣು ಮುಚ್ಚಲಿಲ್ಲ. ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನವೇ ಮಳೆ ಹಿಡಿಯಿತು, ಕಿಟಕಿ ಮುಚ್ಚಿದೆವು, ಒಳಗೆ ತೇವ ನಿಂತಿತು. ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರ್ ಒಂದು ಹಿಡಿ ಗೂಡು ಎತ್ತಿಕೊಂಡ, ಬೆರಳಿನಿಂದ ಅದುಮಿದ, ಕಿವಿಯ ಹತ್ತಿರ ಅಲ್ಲಾಡಿಸಿದ, ಕಡಿಮೆ ದರ ಕೂಗಿದ. ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಿಚ್ಚೀತು ಎಂಬುದೇ ಅವನ ಲೆಕ್ಕ. ಅಪ್ಪ ಮುಂದಿನ ಬೆಳೆಗೆ ಹೆಚ್ಚು ಸೊಪ್ಪು ಹಾಕಲಿಲ್ಲ, ಹುಳುಮನೆಯ ಗೋಡೆಗೆ ಗಾಳಿಕಿಂಡಿ ಒಡೆಸಿದರು. ನಿನ್ನ ಬೀಟಿಗೂ ಕಿಂಡಿ ಬೇಕಾಗಿದೆ.

ಮೊದಲು ತಳವನ್ನು ನೋಡು. ನಿನ್ನ ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಮತ್ತು 808 ಎಂಬ ಆಳದ ಎಲೆಕ್ಟ್ರಾನಿಕ್ ಬೇಸ್ ಎರಡೂ 50 ಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ತುಳಿಯುತ್ತಿವೆ. ಸಪ್ಪಗಾಯಿತೆಂದು ಮೇಲೆ ಇನ್ನೂ ಮೂರು ಕಿಕ್ ಪೇರಿಸಿದ್ದೀಯ, ಅದರಿಂದ ಕೆಸರು ಹೆಚ್ಚಾಗಿದೆ ಅಷ್ಟೆ. ಆ ಮೂರನ್ನೂ ಅಳಿಸು. ಹಾಡು ಎಫ್ ಶ್ರುತಿಯಲ್ಲಿದೆ, 808 ಅನ್ನು ಅದಕ್ಕೆ ಕೂರಿಸಿದರೆ ಮೂಲ ಸ್ವರ ಸುಮಾರು 44 ಹರ್ಟ್ಸ್‌ಗೆ ಬರುತ್ತದೆ. ಮೊಬೈಲ್ ಸ್ಪೀಕರ್ ಅಷ್ಟು ಕೆಳಗಿನದನ್ನು ನುಡಿಸಲಾರದು. ಸ್ವಲ್ಪ ಸ್ಯಾಚುರೇಶನ್ ಕೊಟ್ಟು ನಾದವನ್ನು ತುಸು ಒರಟಾಗಿಸಿದರೆ 88, 132, ಅದಕ್ಕೂ ಮೇಲೆ ಉಪಸ್ವರಗಳು ಏಳುತ್ತವೆ, ಅವುಗಳಿಂದಲೇ ಕಿವಿ ತಳದ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಕಿಕ್ ಬಿದ್ದ ಕ್ಷಣ ಬೇಸ್ ತಾನಾಗಿಯೇ ತಗ್ಗುವಂತೆ ಸೈಡ್‌ಚೈನ್ ಹಾಕು. ಹಾಡುವವನ ಧ್ವನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದು ಬೇಡ.

ಇನ್ನು ತಮಟೆ. ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ನಿನ್ನ ಬೀಟಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ್ದು ಅದೊಂದೇ, ಅದನ್ನು ನಲವತ್ತು ಪದರಗಳ ಅಡಿಯಲ್ಲಿ ಹೂತಿದ್ದೀಯ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯವದು. ಜಾತ್ರೆಯಲ್ಲಿ ಮೊಬೈಲಿನಲ್ಲಿ ಹಿಡಿದೆ ಎಂದಿದ್ದೀಯ. ಮೊಬೈಲ್ ಜೋರಾದ ಪೆಟ್ಟನ್ನು ತಾನಾಗಿಯೇ ತಗ್ಗಿಸುತ್ತದೆ, ಹೀಗಾಗಿ ಪೆಟ್ಟಿನ ಮೊನೆ ಮೊಂಡಾಗಿದೆ. ಈಕ್ವಲೈಸರಿನಲ್ಲಿ ನಾಲ್ಕು ರಾತ್ರಿ ತಿದ್ದಿದರೂ ಅದು ಮರಳುವುದಿಲ್ಲ. ತಮಟೆ ಬಾರಿಸುವವರೊಬ್ಬರನ್ನು ಕೇಳಿಕೊಂಡು ಹೊಸದಾಗಿ ರೆಕಾರ್ಡ್ ಮಾಡು. ಅವರು ಬೆಂಕಿಗೆ ಹಿಡಿದು ಚರ್ಮ ಬಿಗಿಯಾದ ಕೂಡಲೇ ಬಿಡಿ ಪೆಟ್ಟುಗಳನ್ನು ಹಿಡಿದುಕೋ, ಆರಿದರೆ ನಾದ ಇಳಿಯುತ್ತದೆ. ಮೈಕ್ ಮೂರು ಅಡಿ ದೂರವಿರಲಿ, ಅತಿ ಜೋರಾದ ಪೆಟ್ಟೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ದಾಟದಿರಲಿ. ಅವರ ಕೂಲಿಯನ್ನು ತಪ್ಪದೆ ಕೊಡು, ಹಾಡಿನಲ್ಲಿ ಅವರ ಹೆಸರನ್ನೂ ಹಾಕು.

ಗೆಳೆಯನ ಎರಡು ಗಂಟೆಯನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಬೇಡ. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಬೀಟ್ ಕಟ್ಟುವ ಯಂತ್ರದಲ್ಲಿ ಒಟ್ಟು ಹತ್ತೇ ಸೆಕೆಂಡಿನಷ್ಟು ಧ್ವನಿ ಹಿಡಿಯುತ್ತಿತ್ತು. ಜಾಗ ಉಳಿಸಲು ಆಗಿನ ಹಿಪ್-ಹಾಪ್ ಬೀಟ್ ಕಟ್ಟುವವರು ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ಹಿಡಿದು, ಯಂತ್ರದೊಳಗೆ ಮತ್ತೆ ನಿಧಾನ ಮಾಡುತ್ತಿದ್ದರು. ಆ ಒರಟು ನಾದ ಹುಟ್ಟಿದ್ದು ಹಾಗೆ. ಯಾವ ತುಣುಕನ್ನು ಇಟ್ಟುಕೊಳ್ಳಬೇಕು ಎಂದು ಹುಡುಕುತ್ತಾ ಅವರು ಕೇಳಿದ ರೆಕಾರ್ಡುಗಳಿಗೆ ಲೆಕ್ಕವಿಲ್ಲ. ಅಮೆರಿಕದ ಹೆಸರಾಂತ ಹಿಪ್-ಹಾಪ್ ಬೀಟ್‌ಗಾರ ಜೆ ಡಿಲ್ಲಾ ಬಳಸಿದ ಎಂಪಿಸಿ ಎಂಬ ಬೀಟ್ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪೆಟ್ಟುಗಳನ್ನು ತಾಳದ ಸಮ ಗೆರೆಗೆ ಕಟ್ಟಿಹಾಕದೆ ಕೈಯಿಂದಲೇ ಬಾರಿಸುತ್ತಿದ್ದ ಅವನ ಬೀಟ್ ಕೇಳುವಾಗ ಸಲೀಸು ಅನ್ನಿಸುತ್ತದೆ, ಆ ಕೈ ಹದಕ್ಕೆ ಬರಲು ವರ್ಷಗಳೇ ಬೇಕಾದವು. ನಿನ್ನ ಗೆಳೆಯನೂ ಎಷ್ಟು ಕಾಲದಿಂದ ಕಿವಿಗೊಟ್ಟು ಕೇಳುತ್ತಿದ್ದಾನೋ, ಒಮ್ಮೆ ಕೂರಿಸಿಕೊಂಡು ವಿಚಾರಿಸು.

ನಿನ್ನ ಹೈ-ಹ್ಯಾಟ್ (ಜೋಡಿ ತಾಳದ ಚಿಕ್ ಸದ್ದು) ಪೂರ್ತಿ ಗೆರೆಯ ಮೇಲೆಯೇ ಇದೆ. ನಿಮಿಷಕ್ಕೆ 90 ತಾಳದ ವೇಗದಲ್ಲಿ, ನಾಲ್ಕು ತಾಳದ ಒಂದು ಸುತ್ತಿನ ಹದಿನಾರನೇ ಭಾಗಕ್ಕೆ 167 ಮಿಲಿಸೆಕೆಂಡ್. ಸಮ ಪೆಟ್ಟನ್ನು ತುಸು ಸರಿಸುವ ಸ್ವಿಂಗ್ ಅನ್ನು ಶೇ 58ಕ್ಕೆ ಇಟ್ಟರೆ ಪ್ರತಿ ಜೋಡಿಯ ಎರಡನೆಯ ಪೆಟ್ಟು ಸುಮಾರು 27 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಅಷ್ಟಕ್ಕೇ ಬೀಟ್ ನಡೆಯಲು ಕಲಿಯುತ್ತದೆ, ಮಾಡಿ ನೋಡು.

ಹೋಲಿಸುವಾಗ ಎರಡು ಬೀಟ್‌ಗಳ ಶಬ್ದವನ್ನೂ ಒಂದೇ ಮಟ್ಟಕ್ಕೆ ತಂದುಕೋ, ಜೋರಾಗಿರುವುದೇ ಒಳ್ಳೆಯದು ಎಂದು ಕಿವಿ ಮೋಸಹೋಗುತ್ತದೆ. ಜೋರು ಮಾಡಲೆಂದು ಲಿಮಿಟರ್ ಹಾಕಿ ಹಿಂಡುವುದನ್ನೂ ಬಿಡು. ಸ್ಪಾಟಿಫೈ ಹೇಗೂ ಮೈನಸ್ 14 ಲಫ್ಸ್ (ಶಬ್ದದ ಜೋರಿನ ಅಳತೆ) ಸುತ್ತಮುತ್ತ ತಗ್ಗಿಸಿಯೇ ಕೇಳಿಸುತ್ತದೆ.

ಈಗಿನ ಫೈಲನ್ನು ಹಾಗೆಯೇ ಉಳಿಸಿ, ಅದರ ಇನ್ನೊಂದು ಪ್ರತಿ ತೆರೆ. ಕಿಕ್, 808, ಸ್ನೇರ್, ಹೊಸ ತಮಟೆ ಮತ್ತು ಆ ಹುಡುಗನ ಧ್ವನಿ, ಇವಿಷ್ಟನ್ನು ಬಿಟ್ಟು ಉಳಿದೆಲ್ಲವನ್ನೂ ಮ್ಯೂಟ್ ಮಾಡು. ಎರಡು ದಿನ ಅಷ್ಟನ್ನೇ ಕೇಳು. ಏನೋ ಕೊರತೆ ಎಂದು ನಿಜವಾಗಿ ಅನ್ನಿಸಿದಾಗ ಒಂದೊಂದಾಗಿ ತೆರೆ. ಭಾನುವಾರದೊಳಗೆ ಇಲ್ಲಿ ಹಾಕಿದರೆ ಸಂಜೆ ಟೆಂಪೋದಲ್ಲಿ ಕೇಳಿ ಬರೆಯುತ್ತೇನೆ. ತಮಟೆಯ ಬಿಡಿ ಪೆಟ್ಟುಗಳನ್ನು ಬೇರೆ ಫೈಲಾಗಿ ಕಳುಹಿಸು, ಮೊದಲು ಅವನ್ನೇ ಕೇಳುತ್ತೇನೆ.