ಛಾಯಾ ಪ್ರಶ್ನೋತ್ತರ: ಆಡಮ್ಸ್ ಅವರ ಚಂದ್ರನಿಂದ ಕಲಿಯುವುದೇನು?

ಪ್ರಶ್ನೆ: ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದ ಎಕ್ಸ್‌ಪೋಷರ್ ಎಫ್/32 (ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ), 1 ಸೆಕೆಂಡ್ ಎಂದು ಓದಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇಟ್ಟು ನಮ್ಮೂರ ಗುಡ್ಡದ ಮೇಲಿನ ಚಂದ್ರನನ್ನು ತೆಗೆದೆ. ಬರೀ ಬಿಳಿ ಬಿಲ್ಲೆ ಬಂತು. ನುರಿತವರ ಚಿತ್ರ ನೋಡಿ ಕಲಿಯುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ನೀವು ಅಂಕಿಯನ್ನು ತೆಗೆದುಕೊಂಡಿರಿ, ಅದರ ಹಿಂದಿನ ಲೆಕ್ಕ ಬಿಟ್ಟುಹೋಯಿತು. ಆ ಲೆಕ್ಕವೇ ಇಲ್ಲಿ ಪಾಠ.

1941ರ ನವೆಂಬರ್ 1ರ ಸಂಜೆ, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಸ್ತೆ ಬದಿಯಿಂದ ತೆಗೆದ ಚಿತ್ರ ಅದು. ಸ್ಮಶಾನದ ಬಿಳಿ ಶಿಲುಬೆಗಳ ಮೇಲಿನ ಬಿಸಿಲು ಜಾರುತ್ತಿತ್ತು. ಬೆಳಕು ಅಳೆಯುವ ಮೀಟರ್ ಆಡಮ್ಸ್ ಅವರ ಕೈಗೆ ಸಿಗಲಿಲ್ಲ. ಆದರೆ ಚಂದ್ರನ ಪ್ರಕಾಶ ಚದರ ಅಡಿಗೆ ಸುಮಾರು 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಚಂದ್ರ ಉರಿದು ಹೋಗಬಾರದು, ಮಧ್ಯಮ ಬೂದುಬಣ್ಣಕ್ಕಿಂತ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಬೆಳ್ಳಗಿರಬೇಕು ಎಂದು ನಿರ್ಧರಿಸಿದರು. ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಝೋನ್‌ಗಳಾಗಿ ವಿಂಗಡಿಸುವ ಅವರ ಝೋನ್ ಪದ್ಧತಿಯಲ್ಲಿ ಇದು ಏಳನೆಯ ಝೋನ್. ಹಾಗಾದರೆ ಮಧ್ಯಮ ಬೂದಿಗೆ ಸಿಗುವ ಪ್ರಕಾಶ 250ರ ಕಾಲು ಭಾಗ, ಅಂದರೆ ಸುಮಾರು 60. ಫಿಲ್ಮಿನ ವೇಗ, ಅಂದರೆ ಇಂದಿನ ಐಎಸ್‌ಒ, 64. ಅದರ ವರ್ಗಮೂಲ 8. ಎಫ್ ಅಂಕಿ ಈ ವರ್ಗಮೂಲವಾದರೆ ಸಮಯ ಒಂದನ್ನು ಪ್ರಕಾಶದ ಅಂಕಿಯಿಂದ ಭಾಗಿಸಿದಷ್ಟು ಸೆಕೆಂಡ್ ಎಂಬುದು ಸೂತ್ರ. ಆದ್ದರಿಂದ ಎಫ್/8ಕ್ಕೆ 1/60 ಸೆಕೆಂಡ್. ಲೆನ್ಸಿನ ಮುಂದಿದ್ದ ಗಾಢ ಹಳದಿ ಫಿಲ್ಟರ್ ಮೂರು ಪಟ್ಟು ಬೆಳಕು ಕೇಳುತ್ತದೆ: 1/20. ಅಪರ್ಚರನ್ನು ಎಫ್/32ಕ್ಕೆ ಕಿರಿದು ಮಾಡಿದರೆ ಹದಿನಾರು ಪಟ್ಟು ಸಮಯ ಬೇಕು. ಅಲ್ಲಿಗೆ ಹತ್ತಿರ ಹತ್ತಿರ 1 ಸೆಕೆಂಡ್.

ನಿಮ್ಮ ಬಳಿ ಆ ಫಿಲ್ಟರ್ ಇರಲಿಲ್ಲ, ಐಎಸ್‌ಒ ಕೂಡ ಹೆಚ್ಚು. ಎರಡೂ ಸೇರಿ ಎರಡು ಸ್ಟಾಪಿಗಿಂತ ಹೆಚ್ಚು ಬೆಳಕು ಒಳಗೆ ಬಂದಿದೆ. ಅವರು ಬೇಕೆಂದೇ ಕೊಟ್ಟ ಎರಡು ಸ್ಟಾಪಿನ ಮೇಲೆ ಇದೂ ಸೇರಿ ಚಂದ್ರನ ಕಲೆಗಳೆಲ್ಲ ಅಳಿಸಿಹೋಗಿವೆ.

ಈಗ ಅದೇ ಲೆಕ್ಕ ನಿಮ್ಮ ಕ್ಯಾಮೆರಾಕ್ಕೆ. ಚಿತ್ರದ ಒಂದು ಸಣ್ಣ ವೃತ್ತವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಇಲ್ಲಿ ನಂಬಬೇಡಿ: ಸೆನ್ಸರ್ ಮೇಲೆ ಚಂದ್ರನ ಅಗಲ ಫೋಕಲ್ ಲೆಂತಿನ ಸುಮಾರು 110ನೇ ಒಂದು ಭಾಗ. 200 ಎಂಎಂ ಲೆನ್ಸಿಗೂ 2 ಮಿಲಿಮೀಟರ್ ಆಗುವುದಿಲ್ಲ. ಸ್ಪಾಟ್ ವೃತ್ತ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಸುತ್ತಲಿನ ಕಪ್ಪು ಆಕಾಶವೂ ಸೇರಿ ಮೀಟರ್ ಹೆಚ್ಚು ಬೆಳಕು ಕೇಳುತ್ತದೆ. ಬದಲಿಗೆ ನೆನಪಿನ ಅಂಕಿ ಸಾಕು: ಆಕಾಶದಲ್ಲಿ ಮೇಲಿರುವ ತುಂಬು ಚಂದ್ರನಿಗೆ ಐಎಸ್‌ಒ 100, ಎಫ್/11, 1/125. ಅಲ್ಲಿಂದ ಒಂದು ಸ್ಟಾಪ್ ಹೆಚ್ಚಿಸಿ ಶುರು ಮಾಡಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ, ಬೆಳಕು ಅತಿಯಾದ ಭಾಗವನ್ನು ಪರದೆಯಲ್ಲಿ ತೋರಿಸುವ ಹೈಲೈಟ್ ಎಚ್ಚರಿಕೆ ಮಿನುಗದಿದ್ದರೆ ಎರಡನೆಯ ಸ್ಟಾಪ್ ಕೊಡಿ. ದಿಗಂತದ ಹತ್ತಿರ ಚಂದ್ರ ಮಂಕಾಗಿರುವುದರಿಂದ ಇನ್ನೂ ಸ್ವಲ್ಪ ಬೇಕಾದೀತು. 400 ಎಂಎಂ ಲೆನ್ಸಿಗೆ ಶಟರ್ 1/8ಕ್ಕಿಂತ ನಿಧಾನವಾಗದಿರಲಿ. ಟ್ರೈಪಾಡ್ ಇದ್ದರೂ ಚಂದ್ರ ನಿಲ್ಲುವುದಿಲ್ಲ.

ದಿನದ ಆಯ್ಕೆ ಬಹಳ ಮುಖ್ಯ. ತ್ರಯೋದಶಿ, ಚತುರ್ದಶಿಗಳಂದು ಸೂರ್ಯ ಮುಳುಗುವ ಮೊದಲೇ ಚಂದ್ರ ಮೇಲೆ ಬಂದಿರುತ್ತಾನೆ. ಗುಡ್ಡದ ಮೇಲೂ ಬೆಳಕಿರುತ್ತದೆ. ಹುಣ್ಣಿಮೆ ಕಳೆದ ಮೇಲೆ ಚಂದ್ರೋದಯದ ಹೊತ್ತಿಗೆ ನೆಲ ಕತ್ತಲಾಗಿರುತ್ತದೆ, ಎರಡನ್ನೂ ಒಂದೇ ಫ್ರೇಮಿನಲ್ಲಿ ಉಳಿಸಲಾಗದು.

ಇನ್ನೊಂದು ವಿಷಯ. ಆ ನೆಗೆಟಿವ್‌ನಲ್ಲಿ (ಕಪ್ಪು-ಬಿಳುಪು ತಿರುವುಮುರುವಾಗಿರುವ ಮೂಲ ಫಿಲ್ಮ್) ನೆಲದ ಭಾಗ ತೀರಾ ತೆಳುವಾಗಿತ್ತು. 1948ರಲ್ಲಿ ಆಡಮ್ಸ್ ಆ ಭಾಗವನ್ನಷ್ಟೇ ರಾಸಾಯನಿಕದಿಂದ ಗಾಢಗೊಳಿಸಿದರು. ಮುದ್ರಿಸುವಾಗ ಆಕಾಶಕ್ಕೆ ಹೆಚ್ಚುವರಿ ಬೆಳಕು ಕೊಟ್ಟು ಕಪ್ಪಾಗಿಸಿದರು. ಮೊದಲ ಪ್ರಿಂಟುಗಳಲ್ಲಿ ಕಾಣುವ ಮೋಡಗಳು ನಂತರದವುಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಆ ಎರಡು ಕಾಲದ ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಾವ ಸೆಟಿಂಗ್ ಪಟ್ಟಿಯೂ ಕಲಿಸದ್ದನ್ನು ಅವು ಕಲಿಸುತ್ತವೆ. ನಿಮ್ಮ ರಾ ಫೈಲಿನಲ್ಲಿಯೂ ನೆಲವನ್ನು ಮಾಸ್ಕ್‌ನಿಂದ ಪ್ರತ್ಯೇಕಿಸಿ ಅದನ್ನಷ್ಟೇ ಬೆಳಗಿಸಿ. ಕತ್ತಲ ಭಾಗ ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಇಡೀ ಚಿತ್ರಕ್ಕೆ ಎಳೆದರೆ ಆಕಾಶದಲ್ಲಿ ಕಾಳುಕಾಳಾದ ನಾಯ್ಸ್ ಏಳುತ್ತದೆ.

ಪ್ರಶ್ನೆ: ಹೆಸರಾಂತರ ಭಾವಚಿತ್ರ ನೋಡಿ ದೀಪ ಎಲ್ಲಿತ್ತು ಎಂದು ಹೇಳಬಹುದೇ?
– ಓದುಗರು, ಶಿರಸಿ

ಉತ್ತರ: ಬಹುಪಾಲು ಹೇಳಬಹುದು. ಮೊದಲು ಕಣ್ಣುಗುಡ್ಡೆಯಲ್ಲಿನ ಹೊಳಪನ್ನು ಹಿಗ್ಗಿಸಿ ನೋಡಿ. ಅದರ ಸ್ಥಾನ ದೀಪದ ದಿಕ್ಕನ್ನೂ ಆಕಾರ ದೀಪದ ಬಗೆಯನ್ನೂ ಹೇಳುತ್ತದೆ. ಚೌಕವಿದ್ದರೆ ಕಿಟಕಿ ಅಥವಾ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಮೆದುಗೊಳಿಸುವ ಪೆಟ್ಟಿಗೆ). ಮೂಗಿನ ನೆರಳು ಕೆಳಕ್ಕೆ ಉದ್ದವಾಗಿದ್ದಷ್ಟೂ ದೀಪ ಎತ್ತರದಲ್ಲಿದೆ. ನೆರಳಿನ ಅಂಚು ಚೂಪಾಗಿದ್ದರೆ ದೀಪ ಚಿಕ್ಕದು ಅಥವಾ ದೂರದ್ದು. ನಂತರ ಕೈಗಳನ್ನು ನೋಡಿ. ಭಾವಚಿತ್ರಗಳಿಗೆ ಹೆಸರಾದ ಕೆನಡಾದ ಛಾಯಾಗ್ರಾಹಕ ಯೂಸುಫ್ ಕಾರ್ಶ್ ಕೈಗಳಿಗೆ ಪ್ರತ್ಯೇಕ ಬೆಳಕು ಕೊಡುತ್ತಿದ್ದರು. ಮುಖದ ಬೆಳಕನ್ನು ಮಾತ್ರ ಅನುಕರಿಸಿದವರ ಚಿತ್ರ ಅರ್ಧಕ್ಕೇ ನಿಲ್ಲುವುದು ಇದಕ್ಕೇ.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಟೇಬಲ್ ಲ್ಯಾಂಪ್, ಒಂದು ಥರ್ಮೊಕೋಲ್ ಹಾಳೆ ಸಾಕು. ಲ್ಯಾಂಪನ್ನು ಮುಖದಿಂದ 1 ಮೀಟರ್ ದೂರ, 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ಮೇಲೆ ಇಡಿ. ನೆರಳಿಗೆ ಬೆಳಕು ಮರಳಿಸಲು ಎದುರು ಬದಿಗೆ ಹಾಳೆ. ಲ್ಯಾಂಪನ್ನು 2 ಮೀಟರಿಗೆ ಸರಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಪರ್ಚರನ್ನು ಎರಡು ಸ್ಟಾಪ್ ತೆರೆಯಬೇಕು. ಕೋಣೆಯ ಟ್ಯೂಬ್‌ಲೈಟ್ ಆರಿಸಲು ಮರೆಯಬೇಡಿ. ಮೇಲಿನಿಂದ ಬಿದ್ದು ಕಣ್ಣಿನ ಗೂಡನ್ನು ಕೆಡಿಸುವುದು ಅದೇ.

ಪ್ರಶ್ನೆ: ಮೊಬೈಲಿನಲ್ಲಿ ಚಂದ್ರನ ಕಲೆಗಳು ಬರುತ್ತವೆಯೇ?
– ಓದುಗರು, ಕುಂದಾಪುರ

ಉತ್ತರ: ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಬರುತ್ತವೆ. ಪರದೆಯ ಮೇಲೆ ಚಂದ್ರನನ್ನೇ ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಕಲೆ ಕಾಣುವವರೆಗೆ ಬೆಳಕಿನ ಸ್ಲೈಡರ್ ಕೆಳಗೆ ಎಳೆಯಿರಿ. ನೈಟ್ ಮೋಡ್ ಬೇಡ. ಅದು ಕತ್ತಲನ್ನು ಬೆಳಗಲು ಹೋಗಿ ಚಂದ್ರನನ್ನು ಕೆಡಿಸಬಹುದು.