ಮಿನಿಮಮ್ ಹುಡುಕಲು ಫಸ್ಟ್ ಡೆರಿವೇಟಿವ್ ಟೆಸ್ಟ್ ಬೇಗನೋ, ಸೆಕೆಂಡ್ ಡೆರಿವೇಟಿವ್ ಟೆಸ್ಟ್ ಬೇಗನೋ?

ಬೇಗ ಮುಗಿಸಲು ಹೋಗಿಯೇ ನಾನು ಕೆಟ್ಟಿದ್ದು.

ಸೆಕೆಂಡ್ ಪಿಯುಸಿ, ಪ್ರಿಪರೇಟರಿ ಪರೀಕ್ಷೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಬಹುಪದೋಕ್ತಿಯನ್ನು ಪಾಲಿನಾಮಿಯಲ್ ಅನ್ನೋದು ರೂಢಿಯಾಗಲಿಕ್ಕೇ ಒಂದು ವರ್ಷ ಹಿಡಿದಿತ್ತು. ಅವತ್ತು ಕೊಟ್ಟಿದ್ದು 3ಎಕ್ಸ್⁴ − 8ಎಕ್ಸ್³ + 6ಎಕ್ಸ್² + 5. ಇದರ ಮಿನಿಮಮ್ ಬೆಲೆ ಬೇಕು.

ಡೆರಿವೇಟಿವ್, ಅಂದ್ರೆ ಗ್ರಾಫ್ ಎಲ್ಲಿ ಎಷ್ಟು ಏರುತ್ತೆ, ಇಳಿಯುತ್ತೆ ಅನ್ನೋ ಲೆಕ್ಕ, ತೆಗೆದೆ: 12ಎಕ್ಸ್³ − 24ಎಕ್ಸ್² + 12ಎಕ್ಸ್. ತಳದಲ್ಲಿ ಗ್ರಾಫ್ ಸಮತಟ್ಟು ಅಂತ ಸೊನ್ನೆಗೆ ಸಮ ಮಾಡಿದೆ. ಮೂರೂ ಪದದಲ್ಲಿ 12ಎಕ್ಸ್ ಇದೆಯಲ್ಲ, ಪೆನ್ನಿನಿಂದ ಸರಸರ ಗೀಟು ಹಾಕಿ ಹೊಡೆದುಹಾಕಿದೆ. ಉಳಿದಿದ್ದು (ಎಕ್ಸ್ − 1)². ಹಾಗಾಗಿ ಎಕ್ಸ್ = 1, ಬೆಲೆ 6. ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಪೇಪರ್ ವಾಪಸ್ ಬಂದಾಗ ಪಕ್ಕದಲ್ಲಿ ಕೆಂಪು ಇಂಕು: 'ಎಕ್ಸ್ ಎಲ್ಲಿ ಹೋಯ್ತು?'

12 ಹೊಡೆದರೆ ಏನೂ ಆಗಲ್ಲ, ಅದು ಎಂದೂ ಸೊನ್ನೆ ಅಲ್ಲ. ಎಕ್ಸ್ ಹಾಗಲ್ಲ. ಎಕ್ಸ್‌ನಿಂದ ಭಾಗಿಸಿದ ಕೂಡಲೇ 'ಎಕ್ಸ್ ಸೊನ್ನೆ ಆಗಿರಲಾರದು' ಅಂತ ನಾನೇ ತೀರ್ಪು ಕೊಟ್ಟ ಹಾಗಾಯ್ತು. ಮಿನಿಮಮ್ ಕೂತಿದ್ದು ಸರಿಯಾಗಿ ಅಲ್ಲೇ! ಎಕ್ಸ್ = 0 ಆದಾಗ ಬೆಲೆ 5. ಹೊಡೆಯದೆ ಸುಮ್ನೆ ಕಾಮನ್ ತೆಗೆದಿದ್ದರೆ 12ಎಕ್ಸ್(ಎಕ್ಸ್ − 1)² = 0 ಅಂತ ಎರಡೂ ಬೆಲೆ ಕಣ್ಣೆದುರೇ ಇರುತ್ತಿದ್ದವು.

ನಾನು ಹಿಡಿದ 1 ಮಿನಿಮಮ್ಮೂ ಅಲ್ಲ, ಮ್ಯಾಕ್ಸಿಮಮ್ಮೂ ಅಲ್ಲ. ಡೆರಿವೇಟಿವ್‌ನದ್ದೇ ಡೆರಿವೇಟಿವ್, ಅಂದ್ರೆ ಸೆಕೆಂಡ್ ಡೆರಿವೇಟಿವ್, 36ಎಕ್ಸ್² − 48ಎಕ್ಸ್ + 12. ಇದು ಪ್ಲಸ್ ಬಂದರೆ ಮಿನಿಮಮ್, ಮೈನಸ್ ಬಂದರೆ ಮ್ಯಾಕ್ಸಿಮಮ್. ಅದರಲ್ಲಿ 1 ಹಾಕಿದರೆ ಸೊನ್ನೆ ಬರುತ್ತೆ, ಟೆಸ್ಟ್ ಬಾಯೇ ಬಿಡಲ್ಲ. ಫಸ್ಟ್ ಡೆರಿವೇಟಿವ್‌ನಲ್ಲಿ 0.5 ಹಾಕಿ, 1.5 ಬರುತ್ತೆ. 1.5 ಹಾಕಿ, 4.5 ಬರುತ್ತೆ. ಎರಡೂ ಕಡೆ ಪ್ಲಸ್; ಮಿನಿಮಮ್ ಆಗಿದ್ದರೆ ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್ ಬರಬೇಕಿತ್ತು. ಏರುದಾರಿಯಲ್ಲಿ ಒಂದು ಹೆಜ್ಜೆ ಸಮತಟ್ಟು ಸಿಕ್ಕಿ, ಮತ್ತೆ ಏರು ಶುರುವಾದ ಹಾಗೆ.

ಅದಕ್ಕೇ ಯಾವ ಟೆಸ್ಟ್ ಬೇಗ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಮಿನಿಮಮ್ ಬೆಲೆಯೊಂದೇ ಬೇಕಿದ್ದು, ಪಾಲಿನಾಮಿಯಲ್ ಎಕ್ಸ್⁴ಗೆ ನಿಂತು ಅದರ ಮುಂದೆ ಪ್ಲಸ್ ಇದ್ದರೆ, ಟೆಸ್ಟೇ ಬೇಡ. ಗ್ರಾಫ್ ಎರಡೂ ತುದಿಯಲ್ಲಿ ಮೇಲಕ್ಕೇ ಹೋಗುತ್ತೆ, ತಳ ಇದ್ದೇ ಇರುತ್ತೆ. ಡೆರಿವೇಟಿವ್ ಸೊನ್ನೆ ಆಗುವ ಎಲ್ಲ ಎಕ್ಸ್ ಬೆಲೆಗಳನ್ನೂ ಮೂಲ ಫಂಕ್ಷನ್‌ಗೆ ಹಾಕಿ, ಚಿಕ್ಕದನ್ನು ಆರಿಸಿ. ಡೆರಿವೇಟಿವ್‌ಗೇ ಹಾಕಿ ಕೂತವರನ್ನೂ ನೋಡಿದ್ದೇನೆ, ಅಲ್ಲಿ ಬರೀ ಸೊನ್ನೆ ಸಿಗುತ್ತೆ. ಲೋಕಲ್ ಮಿನಿಮಮ್, ಅಂದ್ರೆ ಅಕ್ಕಪಕ್ಕದ ಬೆಲೆಗಳಿಗಿಂತ ಮಾತ್ರ ಚಿಕ್ಕದಾದ ಬೆಲೆ, ಕೇಳಿದ್ದರೆ ಮಾತ್ರ ಟೆಸ್ಟ್ ಬೇಕು. ನಾನಾದರೆ ಫಸ್ಟ್ ಡೆರಿವೇಟಿವ್‌ನ ಚಿಹ್ನೆಯನ್ನೇ ನೋಡೋದು, ನಾಲ್ಕು ಸಾಲು ಜಾಸ್ತಿ ಆದರೂ ಪರವಾಗಿಲ್ಲ.

ಇನ್ನು ಎಕ್ಸ್ −1ರಿಂದ 2ರ ತನಕ ಅಂತ ಮಿತಿ ಕೊಟ್ಟಿದ್ದರೆ ಆ ಎರಡು ತುದಿಗಳನ್ನೂ ಹಾಕಿ ನೋಡಿ. ಎಕ್ಸ್³ಗೆ ನಿಲ್ಲುವ ಪಾಲಿನಾಮಿಯಲ್‌ಗಂತೂ ಇಂಥ ಮಿತಿ ಇಲ್ಲದಿದ್ದರೆ ಅತಿ ಚಿಕ್ಕ ಬೆಲೆ ಅನ್ನೋದೇ ಇಲ್ಲ, ಒಂದು ಕಡೆ ಕೆಳಗೆ ಹೋಗುತ್ತಲೇ ಇರುತ್ತೆ.